ಹೊಸ್ತಿಲಿಗೆ ಬರುವ ಬ್ಯಾಂಕು

ಕೇಳುಗರಿಗೆ ನಮಸ್ಕಾರ.

ಕೈಮಗ್ಗದ ನೇಕಾರರ ಸಂಕಷ್ಟಕ್ಕೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿಕೊಂಡು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರೂ ಬ್ಯಾಂಕಿನ ಗ್ರಾಹಕರಾಗಬಹುದಿತ್ತು. ಅದಕ್ಕಾಗಿ ಅವರು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ, ಸಂಗ್ರಾಹಕನೇ ಮನೆ ಬಾಗಿಲಿಗೆ ಬರುತ್ತಿದ್ದ. ಊರಿನವನೇ ಆದ ಆತನಿಗೆ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ತಿಳಿದಿರುತ್ತಿತ್ತು.

ಇಂದು ನಮ್ಮ ಹಳ್ಳಿಗಳ ಅದೇ ಹೊಸ್ತಿಲಿಗೆ ಹಣಕಾಸು ಸಂಸ್ಥೆಯ ಮನುಷ್ಯ ಮತ್ತೆ ಬರುತ್ತಾನೆ. ಆದರೆ ಬಹಳ ಸಲ ಬರುವುದು ಉಳಿತಾಯ ಸಂಗ್ರಹಿಸಲು ಅಲ್ಲ, ಸಾಲದ ಕಂತು ವಸೂಲು ಮಾಡಲು. ಆ ವಸೂಲಿಯ ಕ್ರೌರ್ಯ ಎಷ್ಟಕ್ಕೆ ಹೋಯಿತೆಂದರೆ, ಬಲವಂತದ ಕ್ರಮಗಳನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ಅದು ವಿಧಿಸಿತು. ಶಿಕ್ಷೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅನ್ಯಾಯವು ವಸೂಲಿಯ ದಿನ ಆರಂಭವಾಗುವುದಲ್ಲ, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಿನವೇ ಆರಂಭವಾಗಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಘದ ಸಾಲ ಪಡೆದ ಒಬ್ಬ ತಾಯಿ ಕೆಲವು ವರ್ಷಗಳ ಹಿಂದೆ ತಮ್ಮ ಸಾಲದ ಕಾರ್ಡನ್ನು ನನ್ನ ಮುಂದಿಟ್ಟು, ಕೈಗೆ ಬಂದ ಹಣಕ್ಕೂ ಅದರಲ್ಲಿ ಬರೆದ ಹಣಕ್ಕೂ ಏಕೆ ತಾಳೆಯಾಗುತ್ತಿಲ್ಲ ಎಂದು ಕೇಳಿದರು. ನೋಡಿದರೆ, ವಿಮೆಯ ಕಂತನ್ನು ಮೊದಲೇ ಮುರಿದುಕೊಂಡಿದ್ದರು. ತಾವು ವಿಮೆ ಮಾಡಿಸಿದ್ದೇವೆಂಬುದೇ ಆಕೆಗೆ ಗೊತ್ತಿರಲಿಲ್ಲ. ಕಾಗದದ ಮೇಲೆ ಒಪ್ಪಿಗೆಯಿತ್ತು, ಸಹಿ ಹಾಕುವ ಜಾಗದಲ್ಲಿ ಹೆಬ್ಬೆಟ್ಟಿನ ಗುರುತೂ ಇತ್ತು; ಕಾಗದ ಮಾತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಇಂದಿಗೂ ಒಪ್ಪುವುದಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಿರುಸಾಲದ ನಿಯಮಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು. ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ವಿಮೆಯಂಥದ್ದನ್ನು ಪೂರ್ಣ ಸಮ್ಮತಿಯಿಲ್ಲದೆ ಕೊಡಬಾರದು. ನಿಯಮ ಬರೆದವರು ಆ ತಾಯಿಯಂಥವರನ್ನು ನೆನೆದೇ ಬರೆದಿದ್ದಾರೆ. ಅದನ್ನು ಪಾಲಿಸಬೇಕಾದ ಮೇಜಿನ ಆಚೆ ಯಾರು ಕುಳಿತಿದ್ದಾರೆ ಎಂಬುದೇ ಉಳಿದ ಪ್ರಶ್ನೆ.

ಸಾಲ ಪಡೆಯುವವರಲ್ಲಿ ಬಹುಪಾಲು ಹೆಂಗಸರು. ಸಾಲ ಹಂಚುವ, ಕಂತು ಎತ್ತುವ, ಗುರಿ ನಿಗದಿಪಡಿಸುವ ಜಾಗಗಳಲ್ಲಿ ನನಗೆ ಎದುರಾದವರು ಹೆಚ್ಚಾಗಿ ಗಂಡಸರು. ಗಂಡನಿಗೆ ತಿಳಿಯದಂತೆ ಮಗಳ ಶುಲ್ಕಕ್ಕೆ ಸಾಲ ತೆಗೆದ ಹೆಂಗಸು, ಹೆರಿಗೆಯಾಗಿ ಕಂತು ತಪ್ಪಿದ ಹೆಂಗಸು, ಸಂಘದ ಉಳಿದವರ ಬೈಗುಳಕ್ಕೆ ಹೆದರಿ ಮತ್ತೊಂದು ಕಡೆ ಸಾಲ ಮಾಡುವ ಹೆಂಗಸು, ಇವರ ಬದುಕನ್ನು ಬಲ್ಲವರು ಒಬ್ಬರಾದರೂ ತೀರ್ಮಾನದ ಜಾಗದಲ್ಲಿದ್ದರೆ ನಿಯಮದ ಓದು ಬೇರೆಯಾಗುತ್ತದೆ. ಹೆಣ್ಣುಮಕ್ಕಳನ್ನು, ದಲಿತರನ್ನು, ಅಂಗವಿಕಲರನ್ನು, ಸ್ಥಳೀಯ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳುವುದು ಔದಾರ್ಯವೆಂದು ಕೆಲವರು ಭಾವಿಸಿದ್ದಾರೆ. ನಾನಂತೂ ಅದನ್ನು ಪ್ರಾಮಾಣಿಕ ವ್ಯವಹಾರದ ಮೊದಲ ಷರತ್ತೆಂದು ತಿಳಿಯುತ್ತೇನೆ. ಹಾಗೆ ಬಂದವರಿಗೂ ಕೇವಲ ವಸೂಲಿಯ ಗುರಿಯನ್ನೇ ಹೊರಿಸಿದರೆ ಏನೂ ಬದಲಾಗದು ಎಂಬುದನ್ನೂ ಹೇಳಬೇಕು.

ಬೇರೆ ಬೇರೆ ಸಮುದಾಯದವರು ಬ್ಯಾಂಕಿನ ತೀರ್ಮಾನದ ಜಾಗದಲ್ಲಿರುವುದು ಕರಾವಳಿಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ ವರ್ಷವೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಗೆ ಬುನಾದಿ ಹಾಕಿದರು. ಭಾಷೆಯ ವಿಷಯದಲ್ಲಿ ಮಾತ್ರ ನಾವು ತಡಮಾಡಿದೆವು: ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ಘೋಷಣೆ ಬಂದದ್ದು 2019ರಲ್ಲಿ.

ಇದನ್ನು ಕೇಳುತ್ತಿರುವವರ ಮನೆಯಲ್ಲಿ ಇಂಥ ಸಾಲವಿದ್ದರೆ ಕಾರ್ಡನ್ನು ಈಗಲೇ ತೆಗೆದು ನೋಡಿ, ಬಡ್ಡಿ, ಶುಲ್ಕ, ವಿಮೆ ಎಲ್ಲವೂ ನಿಮಗೆ ಓದಲು ಬರುವ ಭಾಷೆಯಲ್ಲಿವೆಯೇ ಎಂದು ಪರೀಕ್ಷಿಸಿ. ತಪ್ಪು ಕಂಡರೆ ಮೊದಲು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಹೇಗೆಂದು ತಿಳಿಯಲು 14448 ಸಂಖ್ಯೆಗೆ ಕರೆ ಮಾಡಿ; ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಮಸ್ಕಾರ.