ಸಿಮೆಂಟ್ ಹಾಲು ಒಣಗೋ ಮುಂಚೆ

ಸುತ್ತಿಗೆ ಹಿಡಿಯಿಂದ ಹೊರಗೋಡೆ ತಟ್ತಾ ಇದೀನಿ, ಶಬ್ದ ಕೇಳಿ. ಟಕ್, ಟಕ್. ಇಲ್ಲಿವರೆಗೂ ಗಟ್ಟಿ. ಈಗ ಈ ಕಡೆ... ಡಬ್, ಡಬ್. ಒಳಗೆ ಪೊಳ್ಳು. ಹೋದ ಸಲ ನಾನೇ ಕೈಯಾರೆ ಮಾಡಿದ ಪ್ಲಾಸ್ಟರಿಂಗ್ ಇದು. ಉಳಿ ತುದಿ ಬಿರುಕಿಗೆ ಕೊಟ್ಟು ಒಂಚೂರು ಮೀಟಿದೆ ಅಷ್ಟೇ, ತಟ್ಟೆಯಗಲದ ಹಳುಕು ಹಾಗೇ ಎದ್ದು ಕೈಗೆ ಬಂತು.

ಅದರ ಬೆನ್ನು ನೋಡಿ. ಎಷ್ಟು ನುಣುಪು! ಬ್ಲಾಕಿನ ಒಂದು ಕಣವೂ ಅಂಟಿಲ್ಲ. ಮೇಲೆ ತೆಳ್ಳಗೆ ಪೊರೆ ಇದೆಯಲ್ಲ, ಅದೇ ನಾನು ಬಳಿದ ಬಾಂಡಿಂಗ್ ಏಜೆಂಟ್. ಅಂಟಿಸ್ಲಿ ಅಂತ ಹಾಕಿದ್ದು, ಮಧ್ಯೆ ಪರದೆ ಕಟ್ಟಿ ಕೂತಿದೆ.

ಆವತ್ತು ಎರಡು ತಪ್ಪು ಮಾಡಿದ್ದೆ. ತಂದಿದ್ದು ಪಿವಿಎ, ಅಂದ್ರೆ ಮರಗೆಲಸದ ಬಿಳಿ ಅಂಟಿನ ಜಾತಿದು. ನೀರು ಕುಡಿದ್ರೆ ಮತ್ತೆ ಮೆತ್ತಗಾಗತ್ತೆ, ಮಳೆಗೆ ಒಡ್ಡಿಕೊಳ್ಳೋ ಹೊರಗೋಡೆಗೆ ಆಗಿಬರಲ್ಲ. ಇನ್ನೊಂದು, ಇಡೀ ಗೋಡೆಗೆ ಒಂದೇ ಸಲ ಬಳಿದು, ಆಮೇಲೆ ನಿಧಾನಕ್ಕೆ ಗಾರೆ ಕಲಸೋಕೆ ಹೋದೆ; ಅಷ್ಟರಲ್ಲಿ ಬಳಿದಿದ್ದು ಒಣಗಿಹೋಗಿತ್ತು. ನನ್ನನ್ನ ಕೇಳಿದ್ರೆ ಎರಡನೇದೇ ದೊಡ್ಡ ತಪ್ಪು.

ಈ ಸಲ ಎಸ್‌ಬಿಆರ್ ಲೇಟೆಕ್ಸ್. ರಬ್ಬರ್ ಬೆರೆತ ಹಾಲಿನಂಥ ದ್ರವ, ಒಣಗಿದ ಮೇಲೆ ನೀರಿಗೆ ಜಗ್ಗಲ್ಲ. ಆದರೆ ಡಬ್ಬಿ ತೆಗೆಯೋ ಮುಂಚೆ ಗೋಡೆ ತೊಳೀಬೇಕು. ಹಳೇ ಹಳುಕೆಲ್ಲ ಕೆತ್ತಿ, ಸಂದಿಯಿಂದ ಹೊರಗೆ ಚಾಚಿದ್ದ ಗಾರೆ ಉಂಡೆ ಒಡೆದು, ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಧೂಳಿನ ಮೇಲೆ ಏನೇ ಬಳಿದ್ರೂ ಅದು ಧೂಳಿಗೇ ಅಂಟತ್ತೆ, ಗೋಡೆಗಲ್ಲ.

ಈಗ ಒಂದು ಚೊಂಬು ನೀರು ಎರಚ್ತೀನಿ. ಒಳಗೆಲ್ಲ ಗಾಳಿಗುಳ್ಳೆ ಇರೋ ಹಗುರದ ಎಎಸಿ ಬ್ಲಾಕ್ ಆಗಿದ್ರೆ ಗಟಗಟ ಕುಡಿದುಬಿಡ್ತಿತ್ತು, ಮುಂದೆ ಗಾರೆಯ ನೀರನ್ನೂ ಹಾಗೇ ಹೀರ್ತಿತ್ತು. ಇದು ಕಾಂಕ್ರೀಟ್ ಬ್ಲಾಕ್, ನೀರು ಬೇಗ ಹಿಡಿಯಲ್ಲ, ಕೆಳಗಿಳೀತಿದೆ. ಆದ್ರೆ ಇಲ್ಲಿ, ಕೆಸುವಿನ ಎಲೆ ಮೇಲಿನ ಹಾಗೆ ಹನಿಹನಿ ನಿಂತಿದೆ ನೋಡಿ. ಎಣ್ಣೆ ಜಿಡ್ಡು. ಸೋಪಿನ ನೀರಲ್ಲಿ ತಿಕ್ಕಿ, ಎರಡು ಸಲ ತೊಳೆದೆ. ಗೋಡೆ ಒದ್ದೆ ಇರಬೇಕು, ನೀರು ಇಳೀತಾ ಇರಬಾರದು.

ಬಳಿಯೋ ಸಿಮೆಂಟ್ ಹಾಲಿಗೆ ನನ್ನ ಅಳತೆ: ಒಂದು ಪಾಲು ಎಸ್‌ಬಿಆರ್, ಒಂದು ಪಾಲು ನೀರು, ಅದಕ್ಕೆ ಸ್ವಲ್ಪ ಸ್ವಲ್ಪವೇ ಸಿಮೆಂಟ್, ಗಟ್ಟಿ ಕೆನೆ ಹದ ಬರೋವರೆಗೆ. ಸಿಮೆಂಟಿಗೆ ನೀರು ಸುರೀಬೇಡಿ, ಗಂಟು ಕಟ್ಟತ್ತೆ. ಡಬ್ಬಿ ಮೇಲಿನ ಅಳತೆ ಬೇರೆ ಇದ್ರೆ ಅದನ್ನೇ ನಂಬಿ.

ಬಿರುಸು ಕೂದಲಿನ ಬ್ರಷ್ ತಗೊಂಡು ತೂತುತೂತಿಗೂ ಇಳಿಯೋ ಹಾಗೆ ಉಜ್ಜಬೇಕು. ಬಣ್ಣ ಹೊಡೆದ ಹಾಗೆ ಸವರಿದ್ರೆ ಸಾಲದು. ಕೈ ಚಾಚಿದಷ್ಟು ಜಾಗ, ಅಷ್ಟೇ. ಗಾರೆ ಮೊದಲೇ ಕಲಸಿ ಬಾಣಲಿಯಲ್ಲಿ ರೆಡಿ ಇದೆ. ಬಳಿದ ಹಾಲಿನ ಮೇಲೆ ಬೆರಳಿಟ್ಟು ನೋಡ್ತೀನಿ... ಅಂಟ್ತಾ ಇದೆ. ಇದೇ ಹೊತ್ತು. ಕರಣೆ ತುಂಬ ಗಾರೆ ತಗೊಂಡು ಬೀಸಿ ಹೊಡೀತೀನಿ, ಒತ್ತಿ ಎಳೀತೀನಿ. ಮೊದಲ ಕೋಟ್ 10ರಿಂದ 12 ಮಿಲಿಮೀಟರ್ ಸಾಕು. ಬಿಗಿಯೋಕೆ ಶುರುವಾದಾಗ ಗೀರು ಹಾಕಿಬಿಟ್ರೆ ಎರಡನೇ ಕೋಟಿಗೆ ಹಿಡಿತ ಸಿಗತ್ತೆ. ಪಿಲ್ಲರ್ ಮತ್ತೆ ಬ್ಲಾಕ್ ಸೇರೋ ಕಡೆ ಜಾಲರಿ ಮೊದಲೇ ಹೊಡೆದಿದೀನಿ.

ಎಡಗಡೆ ಮೂಲೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದೆಯಲ್ಲ, ಅದು ಒಣಗಿಹೋಯ್ತು. ಈ ಶಾಟ್‌ಗೋಸ್ಕರ ಟ್ರೈಪಾಡ್ ಸರಿ ಮಾಡ್ತಾ ನಿಂತಿದ್ದೆ ನೋಡಿ, ಅದಕ್ಕೆ. ಮೇಲೆ ಇನ್ನೊಂದು ಸಲ ಬಳಿದು ಮುಚ್ಚಿಬಿಡೋಣ ಅನ್ಸತ್ತೆ, ಆದ್ರೆ ಆ ಹಳುಕಿನ ಬೆನ್ನು ಇಲ್ಲೇ ಕಾಲ ಹತ್ರ ಬಿದ್ದಿದೆ. ತಂತಿ ಬ್ರಷ್ ಎಲ್ಲಿಟ್ಟೆ?