‘ಪ್ರಾರ್ಥನೆ ಮಾಡ್ತೀನಿ’ ಅಂದ ಮೇಲೆ ಏನು?

[ದೃಶ್ಯ: ಆಸ್ಪತ್ರೆಯ ಹೊರಗಿನ ಕಲ್ಲುಕಟ್ಟೆ. ಅದರ ಮೇಲೆ ಹಳೇ ಟವೆಲ್ ಸುತ್ತಿದ ಸ್ಟೀಲ್ ಕ್ಯಾರಿಯರ್.]

ಎಲ್ಲರಿಗೂ ಕ್ರಿಸ್ತನ ನಾಮದಲ್ಲಿ ವಂದನೆ. ಕೋಲಾರದಿಂದ ಮಾತಾಡುತ್ತಿದ್ದೇನೆ.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಅಮ್ಮ ಇದ್ದಾರೆ. ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಾರೆ. ಅವರ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದರು. ದಾರಿಯಲ್ಲಿ ಸಿಕ್ಕಾಗ ನಾನು, “ಅಮ್ಮಾ, ಧೈರ್ಯವಾಗಿರಿ, ಪ್ರಾರ್ಥನೆ ಮಾಡ್ತೀನಿ” ಅಂದೆ. ಸುಮ್ನೆ ಅಂದಿದ್ದಲ್ಲ, ಆ ರಾತ್ರಿ ಪ್ರಾರ್ಥನೆ ಮಾಡಿದೆ ಕೂಡ.

ನಾಲ್ಕನೇ ದಿನ ನೋಡಲು ಹೋದೆ. ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನಮ್ಮ ಸಭೆಯ, ಅಂದರೆ ಚರ್ಚಿನ, ಒಬ್ಬ ಅಜ್ಜಿ. ಕ್ಯಾರಿಯರಿನ ಒಂದು ಡಬ್ಬಿಯಲ್ಲಿ ಮುದ್ದೆ, ಇನ್ನೊಂದರಲ್ಲಿ ಸೊಪ್ಪಿನ ಬಸ್ಸಾರು. ಮುದ್ದೆ ಆರಬಾರದು ಅಂತ ಟವೆಲ್ ಸುತ್ತಿ ತಂದಿದ್ದರು. ಅಜ್ಜಿ ನನ್ನ ಕಡೆ ತಿರುಗಿ, “ಮೊದಲೆರಡು ದಿನ ಬರೀ ಬನ್ನು, ಟೀ ಅಂತೆ ಕಣಪ್ಪಾ” ಅಂದರು.

ನಮ್ಮ ಕಡೆ ಯಾರೇ ಎದುರಾದರೂ ಮೊದಲು ಕೇಳುವುದು ಏನು? “ಊಟ ಆಯ್ತಾ?” ಅಷ್ಟೇ ಅಲ್ವಾ. ನಾನು ಅದನ್ನೂ ಕೇಳಿರಲಿಲ್ಲ. ರೋಗಿಯ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಅವರ ಜೊತೆ ನೆಲದ ಮೇಲೆ ಮಲಗುವವರ ಹೊಟ್ಟೆ ಯಾರ ನೆನಪಿಗೂ ಬರುವುದಿಲ್ಲ.

[ದೃಶ್ಯ: ತೆರೆದ ಬೈಬಲ್, ಯಾಕೋಬನ ಪತ್ರಿಕೆ, 2ನೇ ಅಧ್ಯಾಯ.]

ಯಾಕೋಬನು ಬರೆದಿರುವುದು ಇದನ್ನೇ. ಒಬ್ಬ ಸಹೋದರಿಗೆ ಉಡಲು ಬಟ್ಟೆಯಿಲ್ಲ, ಅವತ್ತಿನ ಊಟಕ್ಕೂ ಇಲ್ಲ. ನೀವು “ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ” ಅಂದು ಏನೂ ಕೊಡದೆ ಕಳಿಸಿದರೆ ಪ್ರಯೋಜನ ಏನು ಅಂತ ಕೇಳುತ್ತಾನೆ. ಗಮನಿಸಿ, ಅಲ್ಲಿ ಬೈಗುಳ ಇಲ್ಲ. ಆಡಿದ್ದು ಒಳ್ಳೆಯ ಮಾತೇ, ಆಶೀರ್ವಾದವೇ. ಅದಕ್ಕೇ ಈ ವಾಕ್ಯ ನನಗೆ ಅಷ್ಟು ಜೋರಾಗಿ ತಾಗಿದ್ದು. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುವ ಮಾತು ಬರುವುದು ಇದರ ಬೆನ್ನಿಗೇ.

ಕೆಲವರು ಕೇಳುತ್ತಾರೆ: “ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ನಂಬಿಕೆಯಿಂದ ತಾನೇ? ಕೆಲಸದಿಂದ ಅಲ್ಲವಲ್ಲ?” ಹೌದು. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ 8 ಮತ್ತು 9ನೇ ವಚನ ಅದನ್ನೇ ಹೇಳುತ್ತವೆ. ಆದರೆ ನಾವು ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. 10ನೇ ವಚನ ಓದಿ: ಒಳ್ಳೆಯ ಕೆಲಸ ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದ್ದಾನೆ. ಬೇರು ಕೃಪೆ, ಫಲ ಕೆಲಸ. ಫಲವೇ ಕಾಣದಿದ್ದರೆ ಬೇರು ಹಿಡಿದಿದೆಯಾ ಅಂತ ನೋಡಬೇಕಾಗುತ್ತದೆ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಮಾರ್ಯದವನ ಕಥೆ ನಿಮಗೆ ಗೊತ್ತಿರಬಹುದು. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ಬೇರೆ ಜನದವನಾದ ಈ ಸಮಾರ್ಯದವನು ನೆರವಾದ ಕಥೆ. ನಾನು ಒಂದೇ ಒಂದು ವಿಷಯ ಹೇಳುತ್ತೇನೆ. ಗಾಯ ಕಟ್ಟಿ, ಎಣ್ಣೆ, ದ್ರಾಕ್ಷಾರಸ ಹಾಕಿ, ಛತ್ರಕ್ಕೆ ಸೇರಿಸಿ, ಮರುದಿನ ಎರಡು ದಿನಾರಿ ಕೊಟ್ಟ. ಆಗಿನ ಕಾಲಕ್ಕೆ ಅದು ಎರಡು ದಿನದ ಕೂಲಿ. ಆಮೇಲೆ, “ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ” ಅಂದ. ಆ ‘ವಾಪಸ್ ಬರುವಾಗ’ ಅನ್ನುವುದೇ ಕಷ್ಟ. ಮೊದಲ ದಿನ ಎಲ್ಲರೂ ಬರುತ್ತಾರೆ. ಇನ್ನೊಂದು: ನಮ್ಮ ಹಳ್ಳಿಗಳಲ್ಲಿ ಕೇಳುವ ಹಾಗೆ “ಯಾವ ಜನ?” ಅಂತ ಅವನು ಕೇಳಲಿಲ್ಲ.

[ದೃಶ್ಯ: ಕೋಲಾರದ ಹಳೆಯ ಮಿಷನ್ ಕಟ್ಟಡಗಳು.]

ಈ ಊರಿಗೆ ಇದೆಲ್ಲ ಹೊಸದಲ್ಲ. 1876ರಿಂದ 78ರವರೆಗೆ ಬಂದ ಬರವನ್ನು ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಮಿಷನರಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಮುಂದೆ ಆ ಕೆಲಸ ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದೇ ಮಿಷನ್ನಿನವರು ಇಲ್ಲಿ ಆಸ್ಪತ್ರೆ ಕಟ್ಟಿದರು. ಆ ಇಟಿಸಿಎಂ ಆಸ್ಪತ್ರೆ ಅಂದರೆ ಕೋಲಾರದಲ್ಲಿ ಗೊತ್ತಿಲ್ಲದವರು ಕಡಿಮೆ.

[ದೃಶ್ಯ: ಮತ್ತೆ ಕಲ್ಲುಕಟ್ಟೆ, ಕ್ಯಾರಿಯರ್.]

ಅವತ್ತು ಆ ಅಮ್ಮನ ಊಟ ಮುಗಿದ ಮೇಲೆ ಅಜ್ಜಿಯೂ ಪ್ರಾರ್ಥನೆ ಮಾಡಿದರು. “ಮಾಡ್ಲಾ ಮಗಾ?” ಅಂತ ಕೇಳಿಯೇ ಮಾಡಿದರು. ಡಬ್ಬಿಯ ಮುಚ್ಚಳ ಮಡಿಲಲ್ಲೇ ಇತ್ತು. ಆ ಅಮ್ಮ ನಮ್ಮ ಸಭೆಯವರಲ್ಲ. ಸಭೆಗೆ ಬಾ ಅಂತ ಅಜ್ಜಿ ಅವತ್ತೂ ಕರೆಯಲಿಲ್ಲ, ಆಮೇಲೂ ಕರೆಯಲಿಲ್ಲ. ಊಟ ಕೊಟ್ಟು ಲೆಕ್ಕ ಇಡುವುದು ಪ್ರೀತಿ ಅಲ್ಲ ಅಂತ ನಾನೂ ನಂಬುತ್ತೇನೆ.

ಯಜಮಾನರು ಹುಷಾರಾಗಿ ಮನೆಗೆ ಬಂದರು. ಕೊನೆಯ ದಿನದ ಕ್ಯಾರಿಯರನ್ನು ಆ ಅಮ್ಮ ತೊಳೆದು ವಾಪಸ್ ಕೊಟ್ಟರು. ಬರಿದಾದ ಪಾತ್ರೆ ಕೊಡಬಾರದಲ್ಲ, ಒಂದೊಂದು ಡಬ್ಬಿಯಲ್ಲೂ ಟೊಮೆಟೊ ತುಂಬಿದ್ದರು.

ಈಗ ನಾವು ಐದು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ದೂರದ ಊರಿನಿಂದ ಬಂದು ಒಬ್ಬರೇ ಇರುವವರು ಯಾರು ಅಂತ ವಾರ್ಡಿನ ಸಿಸ್ಟರನ್ನು ಕೇಳುತ್ತೇವೆ, ಅವರಿಗೆ ಊಟ ಒಯ್ಯುತ್ತೇವೆ. ಬುಧವಾರ ನನ್ನದು. ಕ್ಯಾರಿಯರ್ ಜೊತೆ ಅಜ್ಜಿ ಆ ಟವೆಲನ್ನೂ ಕೊಟ್ಟಿದ್ದಾರೆ.