ಪರದೆ ಮೇಲಿನ ಆ ನಂಬರ್ ಯಾರು ಹಾಕ್ತಾರೆ?

ಕೇಳುಗರಿಗೆಲ್ಲ ನಮಸ್ಕಾರ. ಥಿಯೇಟರಲ್ಲಿ ಲೈಟ್ ಆರಿ, ಸಿಗರೇಟು ಬಿಡಿ ಅನ್ನೋ ಜಾಹೀರಾತೂ ಮುಗಿದು, ಹೀರೋ ಹೆಸರು ಬರೋಕೆ ಮುಂಚೆ ಒಂದು ಕಾಗದ ಬರತ್ತಲ್ಲ, ಸೆನ್ಸಾರ್ ಸರ್ಟಿಫಿಕೇಟು, ಅದು ಕಂಡ ತಕ್ಷಣ ಹಿಂದಿನ ಸಾಲಿಂದ ಶಿಳ್ಳೆ ಶುರು. ನಾವು ಹುಡುಗ್ರಾಗಿದ್ದಾಗ ಅದರಲ್ಲಿ ಓದ್ತಿದ್ದಿದ್ದು ಒಂದೇ, ಎಷ್ಟು ರೀಲು ಅಂತ. 16 ರೀಲ್ ಅಂದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ, 12 ಅಂದ್ರೆ ಮುಖ ಸಪ್ಪೆ. ಅದೇ ಕಾಗದದ ಮೇಲೆ ಎಲ್ರೂ ನೋಡಬಹುದು ಅನ್ನೋ ಯು ಅಂತಲೋ ದೊಡ್ಡೋರಿಗೆ ಮಾತ್ರ ಅನ್ನೋ ಎ ಅಂತಲೋ ಒಂದಕ್ಷರ ಇರ್ತಿತ್ತು, ಅದನ್ನ ನೋಡೋದು ಗೇಟಲ್ಲಿ ನಿಂತವನ ಕೆಲಸ ಅಂತ ನಾವು ಬಿಟ್ಬಿಟ್ಟಿದ್ವಿ.

ಈಗ ಯಾಕೆ ಇದೆಲ್ಲ ನೆನಪಾಯ್ತು ಅಂದ್ರೆ ನನ್ನ ತಂಗಿ ಮಗ. 9 ವರ್ಷ ಅವನಿಗೆ. ಮೊನ್ನೆ ಅವ್ರಮ್ಮನ ಫೋನ್ ಹಿಡ್ಕೊಂಡು ಬಂದು, "ಮಾವ, ಈ ಗೇಮಿಗೆ 12 ಪ್ಲಸ್ ಅಂತ ಹಾಕಿದಾರೆ, ಆದ್ರೆ ನಂಗೆ ಆಡಕ್ಕೆ ಬರತ್ತೆ, ಪಕ್ಕದ್ಮನೆ ಅಣ್ಣನಿಗಿಂತ ಚೆನ್ನಾಗಿ ಆಡ್ತೀನಿ, ಹಾಕ್ಕೊಡು" ಅಂದ. ಅವನ ಲೆಕ್ಕದಲ್ಲಿ 12 ಅಂದ್ರೆ ಅಷ್ಟು ಕಷ್ಟದ ಆಟ ಅಂತ. ಮಗು ತಪ್ಪಲ್ಲ ಬಿಡಿ, ದೊಡ್ಡೋರೂ ಹಂಗೇ ಅಂದ್ಕೊಂಡಿರೋರು ಇದಾರೆ. ಚೆಸ್ ಗೇಮಿಗೆ 3 ಪ್ಲಸ್ ಅಂತ ಇರತ್ತೆ, ಹಾಗಂತ 3 ವರ್ಷದ ಕೂಸು ಕುದುರೆ ನಡೆಸತ್ತಾ? ಆ ನಂಬರಿಗೂ ಜಾಣತನಕ್ಕೂ ಸಂಬಂಧ ಇಲ್ಲ, ಒಳಗಡೆ ಹೊಡೆದಾಟ ಎಷ್ಟು, ಬೈಗುಳ ಎಂಥದ್ದು, ಭಯ ಬೀಳೋದು, ಅರೆಬರೆ ಬಟ್ಟೆ, ಕುಡಿತ, ಜೂಜು, ಇದರದ್ದಷ್ಟೇ ಲೆಕ್ಕ.

ಮೊದ್ಲು ಸಿನಿಮಾದ್ದು ಹೇಳ್ತೀನಿ. ನಮ್ಮಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅಂತ ಇದೆ, ಅದರಡಿ ಸಿಬಿಎಫ್‌ಸಿ, ಅಂದ್ರೆ ಜನ ಈಗ್ಲೂ ಸೆನ್ಸಾರ್ ಬೋರ್ಡ್ ಅಂತ ಕರೆಯೋ ಮಂಡಳಿ. ಮುಖ್ಯ ಕಚೇರಿ ಮುಂಬೈ, ಕನ್ನಡ ಸಿನಿಮಾದೋರಿಗೆ ಬೆಂಗಳೂರಲ್ಲೇ ಪ್ರಾದೇಶಿಕ ಕಚೇರಿ ಇದೆ. ಮೊದಲು ಯು ಮತ್ತು ಎ ಎರಡೇ ಇದ್ದಿದ್ದು, 1983ರಲ್ಲಿ ಯುಎ, ಅಂದ್ರೆ ಅಪ್ಪ ಅಮ್ಮ ಯೋಚ್ನೆ ಮಾಡಿ ಮಕ್ಳಿಗೆ ತೋರ್ಸೋದು, ಅದು ಸೇರ್ತು, ಜೊತೆಗೆ ಡಾಕ್ಟರು ಇಂಥೋರಿಗೆ ಮಾತ್ರ ತೋರ್ಸೋ ಸಿನಿಮಾಕ್ಕೆ ಎಸ್ ಅಂತ ಒಂದು, ಅದನ್ನ ನಾನಂತೂ ಪರದೆ ಮೇಲೆ ನೋಡಿಲ್ಲ. ಈ ಯುಎ ಇದ್ಯಲ್ಲ, ಅದು ಎಲ್ಲಾ ತುಂಬೋ ಗೋಣಿಚೀಲ ಆಗೋಗಿತ್ತು, ಎರಡೇಟು ಹೊಡೆಯೋ ಕಾಮಿಡಿನೂ ಯುಎ, ರಾತ್ರಿ ನಿದ್ದೆಗೆಡಿಸೋ ದೆವ್ವದ ಸಿನಿಮಾನೂ ಯುಎ. ಅದಕ್ಕೇ 2023ರಲ್ಲಿ ಕಾಯ್ದೆ ತಿದ್ದಿದ್ರು, 2024ರಲ್ಲಿ ಹೊಸ ನಿಯಮ ಬಂತು, ಈಗ ಯುಎ 7 ಪ್ಲಸ್, 13 ಪ್ಲಸ್, 16 ಪ್ಲಸ್ ಅಂತ ಮೂರಾಗಿದೆ.

ಇಲ್ಲೇ ಜನ ಎಡವೋದು. ಯುಎ 16 ಪ್ಲಸ್ ಅಂದ್ರೆ 16 ಆಗದೋರನ್ನ ಒಳಗೆ ಬಿಡಲ್ಲ ಅಂತಲ್ಲ, ಅದು ಅಪ್ಪ ಅಮ್ಮಂಗೆ ಹೇಳಿರೋ ಮಾತು, ನೋಡ್ಕೊಂಡು ಯೋಚ್ನೆ ಮಾಡಿ ಕರ್ಕೊಂಡ್ ಬನ್ನಿ ಅಂತ. ಎ ಹಂಗಲ್ಲ. 18 ತುಂಬಿಲ್ಲ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತ್ರೂ ಇಲ್ಲ. ಒಂದ್ಸಲ ನನ್ನ ಮುಂದೇನೇ ಒಂದು ಫ್ಯಾಮಿಲಿ ಗೇಟ್ ಹುಡುಗನ ಜೊತೆ ಅರ್ಧ ಗಂಟೆ ವಾದ, "ನಾವ್ ಜೊತೇಲಿದೀವಲ್ರೀ, ಕಣ್ಣು ಮುಚ್ತೀವಿ ಬಿಡ್ರಿ". ಆ ಹುಡುಗನಿಗೇ 20 ಇದ್ರೆ ಹೆಚ್ಚು, ಪಾಪ ಅವನು "ಅಂಕಲ್, ಕಾನೂನು ಅಂಕಲ್" ಅಂತ ಅದೊಂದನ್ನೇ ಹೇಳ್ತಿದ್ದ. ಪಾಪ್‌ಕಾರ್ನ್ ಬೇರೆ ತಗೊಂಡಾಗಿತ್ತು ಅವ್ರು.

ಹಣೆಪಟ್ಟಿ ಹಚ್ಚೋದು ಹೆಂಗೆ ಅಂದ್ರೆ, ನಿರ್ಮಾಪಕ ಅರ್ಜಿ ಹಾಕ್ತಾನೆ, ಸಲಹಾ ಸಮಿತಿಯ ಕೆಲವರು, ಅದರಲ್ಲಿ ಹೆಣ್ಮಕ್ಳೂ ಇರಲೇಬೇಕು, ಜೊತೆಗೊಬ್ರು ಅಧಿಕಾರಿ, ಇಷ್ಟೂ ಜನ ಕೂತು ಸಿನಿಮಾ ಪೂರ್ತಿ ನೋಡ್ತಾರೆ. ಆಮೇಲೆ ಶುರು ನೋಡಿ ಚೌಕಾಸಿ. ಇದ್ದಂಗೇ ಬೇಕು ಅಂದ್ರೆ ಎ, ಈ ಶಾಟ್ ಕಮ್ಮಿ ಮಾಡಿ ಆ ಮಾತು ಮ್ಯೂಟ್ ಮಾಡಿದ್ರೆ ಯುಎ. ಕಲೆ, ಸ್ವಾತಂತ್ರ್ಯ ಅಂತೆಲ್ಲ ಮಾತು ನಡೆಯತ್ತೆ ನಿಜ, ಆದ್ರೆ ಮೇಜಿನ ಕೆಳಗಡೆ ಕೂತಿರೋದು ದುಡ್ಡಿನ ಲೆಕ್ಕ. ಎ ಸಿಕ್ಕಿದ್ರೆ ಮಕ್ಳು ಮರಿ ಕಟ್ಕೊಂಡು ಬರೋ ಫ್ಯಾಮಿಲಿ ಹೋಯ್ತು, ಅದಕ್ಕಿಂತ ದೊಡ್ಡದು ಟಿವಿ, ಎ ಸಿನಿಮಾನ ಟಿವಿಲಿ ಹಂಗೇ ಹಾಕಂಗಿಲ್ಲ, ಮತ್ತೆ ಕತ್ತರಿ ಹಾಕ್ಸಿ ಯುಎ ಮಾಡ್ಸಬೇಕು. ಅದಕ್ಕೇ ಎಷ್ಟೋ ಜನ ನಗ್ತಾ ನಗ್ತಾನೇ ಕಟ್ ಒಪ್ಕೊಂಡು ಬರೋದು. ಉಲ್ಟಾನೂ ಇದೆ, ಪೋಸ್ಟರ್ ಮೇಲೆ ಎ ಅಕ್ಷರನ ಹೀರೋ ತಲೆಗಿಂತ ದಪ್ಪ ಮಾಡಿ ಹಾಕ್ಸಿ ಹೌಸ್‌ಫುಲ್ ಮಾಡ್ಕೊಂಡೋರು. ಹಳೇ ಸರ್ಟಿಫಿಕೇಟಲ್ಲಿ ಮೂಲೇಲಿ ಒಂದು ತ್ರಿಕೋನ ಇರ್ತಿತ್ತು, ಇನ್ನೊಂದ್ಸಲ ಸಿಕ್ರೆ ಗಮನಿಸಿ, ಅದಿದ್ರೆ ಕತ್ತರಿ ಬಿದ್ದಿದೆ ಅಂತ ಅರ್ಥ. ಬೋರ್ಡ್ ಹೇಳಿದ್ದು ಒಪ್ಪಿಗೆ ಇಲ್ಲ ಅಂದ್ರೆ ಸಿನಿಮಾನ ಮತ್ತೊಂದ್ಸಲ ನೋಡೋ ರಿವೈಸಿಂಗ್ ಕಮಿಟಿ, ಅದರಾಚೆ ಮುಂಚೆ ಮೇಲ್ಮನವಿ ಕೇಳೋ ಟ್ರಿಬ್ಯುನಲ್ ಇತ್ತು, 2021ರಲ್ಲಿ ಅದನ್ನ ತೆಗೆದ್ರು, ಈಗ ಸೀದಾ ಹೈಕೋರ್ಟು. ಒಟಿಟಿಯೋರಿಗೆ ಇದ್ಯಾವ್ದೂ ಇಲ್ಲ, 2021ರ ಐಟಿ ನಿಯಮದ ಪ್ರಕಾರ ಅವ್ರ ವಯಸ್ಸಿನ ಪಟ್ಟಿ ಅವ್ರೇ ಹಾಕ್ಕೋತಾರೆ.

ಇನ್ನು ಗೇಮು. ಇದರ ಕತೆ ಅಮೆರಿಕಾದಲ್ಲಿ ಶುರು. 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಅಂತ ಒಂದು ಹೊಡೆದಾಟದ ಆಟ ಬಂತು, ಸೋತವನನ್ನ ಕೊನೇಲಿ ಭೀಕರವಾಗಿ ಕೊಲ್ಲೋದೇ ಅದರ ಗಮ್ಮತ್ತು. ಮನೆಗೆ ತರೋ ಆವೃತ್ತಿ ಬಂದಾಗ ಗೇಮ್ ಯಂತ್ರ ಮಾಡೋ ಎರಡು ಕಂಪನಿಲಿ ನಿಂಟೆಂಡೊದೋರು ರಕ್ತ ತೆಗೆದು ಬೆವರು ಚಿಮ್ಮಂಗೆ ಮಾಡಿದ್ರು, ಸೇಗಾದೋರು ರಕ್ತ ಒಳಗೇ ಇಟ್ಟು ಒಂದು ಕೋಡ್ ಒತ್ತಿದ್ರೆ ಬರೋ ಹಾಗೆ ಮಾಡಿದ್ರು, ಹುಡುಗ್ರಿಗೆ ಆ ಕೋಡ್ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. 1993ರ ಡಿಸೆಂಬರಲ್ಲಿ ಸೆನೆಟ್‌ನಲ್ಲಿ ವಿಚಾರಣೆ ಆಯ್ತು, ನೀವೇ ಸರಿಮಾಡ್ಕೊಳಿ ಇಲ್ಲಾಂದ್ರೆ ನಾವು ಕಾನೂನು ತರ್ತೀವಿ ಅಂದ್ರು, ಬೆಚ್ಚಿಬಿದ್ದ ಕಂಪನಿಗಳು 1994ರಲ್ಲಿ ಗೇಮಿಗೆ ವಯಸ್ಸು ಬರೆಯೋಕೆ ತಮ್ಮದೇ ಮಂಡಳಿ ಇಎಸ್‌ಆರ್‌ಬಿ ಕಟ್ಕೊಂಡ್ವು. ಯುರೋಪಲ್ಲಿ 2003ರಲ್ಲಿ ಪೆಗಿ ಅನ್ನೋ ಅಂಥದ್ದೇ ಪದ್ಧತಿ ಬಂತು, ಅದರಲ್ಲಿ ವಯಸ್ಸು 3, 7, 12, 16, 18.

ನಮ್ಮ ದೇಶದಲ್ಲಿ ಗೇಮ್ ನೋಡಿ ವಯಸ್ಸು ಬರೆಯೋಕೆ ಸೆನ್ಸಾರ್ ಬೋರ್ಡ್ ಥರ ಒಂದು ಮಂಡಳಿ ಇಲ್ಲ. ಹಂಗಾದ್ರೆ ಪ್ಲೇಸ್ಟೋರಲ್ಲಿ ಕಾಣೋ 12 ಪ್ಲಸ್ ಎಲ್ಲಿಂದ ಬಂತು? ಐಎಆರ್‌ಸಿ ಅಂತ ಅಂತಾರಾಷ್ಟ್ರೀಯ ಒಕ್ಕೂಟ ಇದೆ, ಅವರದ್ದೊಂದು ಪ್ರಶ್ನೆಪಟ್ಟಿ, ರಕ್ತ ಇದ್ಯಾ, ಜೂಜು ಇದ್ಯಾ, ಬೈಗುಳ ಇದ್ಯಾ ಅಂತ. ಅದನ್ನ ತುಂಬೋದು ಗೇಮ್ ಮಾಡಿದವನೇ. ತುಂಬಿದ ಕೂಡಲೇ ಒಂದೊಂದು ದೇಶಕ್ಕೆ ಅಲ್ಲಲ್ಲಿಯ ಪದ್ಧತಿ ಪ್ರಕಾರ ಒಂದೊಂದು ನಂಬರ್ ಬೀಳತ್ತೆ, ಪದ್ಧತಿ ಇಲ್ಲದ ನಮ್ಮಂಥ ಕಡೆ ಆ ಒಕ್ಕೂಟದ್ದೇ ನಂಬರ್, ಸುಳ್ಳು ಬರೆದಿದ್ರೆ ಆಮೇಲೆ ಬದಲಾಯಿಸ್ತಾರೆ ಸರಿ, ಆದ್ರೆ ಸಿನಿಮಾ ಥರ ಯಾರೋ ನಾಲ್ಕು ಜನ ಕೂತು ಪೂರ್ತಿ ಆಡಿ ನೋಡಿದಾರೆ ಅಂತ ಮಾತ್ರ ಅಂದ್ಕೋಬೇಡಿ.

ಇನ್ನೊಂದು ಕೆಳಗಡೆ ಸಣ್ಣ ಅಕ್ಷರದಲ್ಲಿ ಇರತ್ತೆ, ನಾನು ಅದನ್ನ ಓದಿದ್ದು ಕೆಟ್ಟಮೇಲೇನೇ. ಯೂಸರ್ಸ್ ಇಂಟರಾಕ್ಟ್ ಅಂತ. ಅಂದ್ರೆ ಆಡೋರು ಒಬ್ರಿಗೊಬ್ರು ಮಾತಾಡಬಹುದು, ಆ ಮಾತಿಗೆ ಯಾವ ನಂಬರೂ ಇಲ್ಲ. ನಮ್ಮ ಹುಡುಗ ಹೆಡ್‌ಫೋನ್ ಹಾಕ್ಕೊಂಡು ಆಡ್ತಿದ್ದ ಬೇರೆ ಯಾವ್ದೋ ಆಟ, 7 ಪ್ಲಸ್ಸೇ ಅದು, ಊಟಕ್ಕೆ ಕರೆಯಕ್ಕೆ ಹೋಗಿ ಹೆಡ್‌ಫೋನ್ ಕಿತ್ತು ನಾನೇ ಕಿವಿಗಿಟ್ಕೊಂಡೆ, ಎಲ್ಲಿಯೋ ಕೂತಿರೋ ಯಾವನೋ ದೊಡ್ಡೋನು ಅಚ್ಚ ಕನ್ನಡದಲ್ಲಿ, ರೇಡಿಯೋದಲ್ಲಿ ಹೇಳಂಗಿಲ್ಲ ಬಿಡಿ. ಇವನು ಅನ್ನ ಕಲಸ್ತಾ ಆ ಪದಕ್ಕೆ ಅರ್ಥ ಕೇಳಿದ.

ಅವತ್ತೇ ತಂಗಿ ಕೈಲಿ ಪ್ಲೇಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಮಿಲಿ ಅನ್ನೋದರಲ್ಲಿ ಪೇರೆಂಟಲ್ ಕಂಟ್ರೋಲ್ ಆನ್ ಮಾಡ್ಸಿ, ವಯಸ್ಸು ಆರಿಸಿ, ಪಿನ್ ಹಾಕ್ಸಿದೆ. ಎರಡೇ ದಿನ. 12 ಪ್ಲಸ್ ಗೇಮು ಫೋನಲ್ಲಿ ಕೂತಿತ್ತು. ಪಿನ್ ಏನಿಟ್ಟಿದ್ಯೇ ಅಂದ್ರೆ ಅವನ ಹುಟ್ಟಿದ ತಾರೀಕು. ಈಗ ಬದಲಾಯಿಸಿದಾಳೆ, ನಂಗೂ ಹೇಳಿಲ್ಲ.